ಮೋಟರಿಗಿಂತ ಮೊದಲು ದಾರಿ ನೋಡಿ

ಧರ್ಮಪುರಿಯಿಂದ ಸೇಲಂಗೆ 44ನೇ ಹೆದ್ದಾರಿಯಲ್ಲಿ ಹೋದವರಿಗೆ ತೊಪ್ಪೂರು ಘಾಟಿ ನೆನಪಿನಲ್ಲಿ ಉಳಿದೇ ಇರುತ್ತದೆ. ಹೊಸೂರಿನ ಹತ್ತಿರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದ ನೆಲ ಕೃಷ್ಣಗಿರಿ, ಧರ್ಮಪುರಿ ದಾಟುತ್ತ ಇಳಿದು, ತೊಪ್ಪೂರಿನಲ್ಲಿ ಇನ್ನೊಮ್ಮೆ ಕುಸಿದು, ಸೇಲಂ ಮುಟ್ಟುವಾಗ 280 ಮೀಟರಿನ ಆಸುಪಾಸಿಗೆ ಬರುತ್ತದೆ. ಬ್ರೇಕು ಕಾದ ಲಾರಿಗಳ ವಾಸನೆ ಅಲ್ಲಿ ಯಾವಾಗಲೂ ಇರುತ್ತದೆ. ಸೇಲಂ ಊರಿನ ಪಕ್ಕದಲ್ಲೇ ಶೇವರಾಯ್ ಬೆಟ್ಟ. ಅದರ ಮೇಲಿನ ಏರ್ಕಾಡು 1,500 ಮೀಟರ್ ಮೀರಿದ ಎತ್ತರದಲ್ಲಿದೆ. ಪಶ್ಚಿಮಕ್ಕೆ ತಿರುಗಿ ಪೆನ್ನಾಗರಂ ದಾಟಿದರೆ ದಾರಿ ಹೊಗೇನಕಲ್ಲಿನ ಕಾವೇರಿಯತ್ತ ಇಳಿಯುತ್ತದೆ. ಏರಿಳಿತವಿಲ್ಲದ ದಾರಿ ಈ ಸೀಮೆಯಲ್ಲಿ ಕಡಿಮೆ.

ಇದೇ ಸೀಮೆಯಲ್ಲಿ ಮನೆಮನೆಗೂ ಸೈಕಲ್ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 11ನೇ ತರಗತಿಗೆ ಬಂದ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ತಮಿಳುನಾಡಿನಲ್ಲಿ ಎರಡು ದಶಕಗಳಿಂದ ನಡೆದು ಬಂದಿದೆ. ನಮ್ಮ ಕರ್ನಾಟಕದಲ್ಲಿ 2006-07ರಲ್ಲಿ 8ನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ್ದನ್ನು ಓದುಗರು ಮರೆತಿರಲಾರರು. ಮಗ ಅಥವಾ ಮಗಳು ಕಾಲೇಜಿಗೋ ತಿರುಪ್ಪೂರಿನ ಕೆಲಸಕ್ಕೋ ಹೋದ ಮೇಲೆ ಆ ಸೈಕಲ್ ಗೋಡೆಗೆ ಒರಗಿ ನಿಲ್ಲುತ್ತದೆ. ಅಪ್ಪನ ಕಾಲದ ಇಪ್ಪತ್ತೆಂಟು ಇಂಚಿನ ಗಟ್ಟಿ ಸೈಕಲ್ ಅದರ ಪಕ್ಕದಲ್ಲಿರುತ್ತದೆ. ಹಾಲಿನ ಕ್ಯಾನು, ನೂಲಿನ ಗಂಟು, ಹಸುವಿನ ಹುಲ್ಲು ಹೊತ್ತು ಏರು ಹತ್ತುತ್ತಿದ್ದವರ ಮೊಣಕಾಲಿಗೆ ಈಗ ಮೊದಲಿನ ಶಕ್ತಿಯಿಲ್ಲ.

ಒಂದು ಕಾಲಕ್ಕೆ ಸೇಲಂ, ಧರ್ಮಪುರಿ, ಕೃಷ್ಣಗಿರಿ ಎಲ್ಲ ಒಂದೇ ಜಿಲ್ಲೆ. 1965ರಲ್ಲಿ ಸೇಲಂನಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದವು. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಈ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಇಲ್ಲಿನ ದೇವಾಂಗ ನೇಕಾರರ ಮನೆಗಳಲ್ಲಿ, ಗಡಿಯಂಚಿನ ಹಳ್ಳಿಗಳಲ್ಲಿ ಕನ್ನಡ ಇನ್ನೂ ಮನೆಮಾತು. ಇವತ್ತು ವಿದ್ಯುತ್ ಸ್ಕೂಟರಿನ ದೊಡ್ಡ ಕಾರ್ಖಾನೆಗಳೂ ಇದೇ ನೆರೆಯಲ್ಲಿವೆ: ಪೋಚಂಪಳ್ಳಿಯಲ್ಲಿ ಓಲಾ, ಹೊಸೂರಿನಲ್ಲಿ ಟಿವಿಎಸ್ ಮತ್ತು ಏಥರ್. ಅಲ್ಲಿಂದ ಹೊರಬರುವ ಸ್ಕೂಟರು ಲಕ್ಷದ ಮಾತು. ಹಾಲು ಹಾಕುವವನಿಗೂ ನೇಕಾರನಿಗೂ ಕೈಗೆಟುಕುವುದು ಮನೆಯ ಸೈಕಲ್ಲಿಗೆ ಮೋಟರು ಕೂರಿಸುವ ದಾರಿ. ಹಾಗೆ ಕೂರಿಸುವಾಗ ಯಾವ ಭಾಗ ಕೊಳ್ಳಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಂಗಡಿಗೆ ಹೋದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ವಾಟ್ ಮೋಟರು?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಿನಾ ಎಷ್ಟು ದೂರ, ಎಷ್ಟು ಏರು, ಎಷ್ಟು ಹೊರೆ ಎಂಬುದು ಬ್ಯಾಟರಿಯನ್ನು ತೀರ್ಮಾನಿಸುತ್ತದೆ. ಇಳಿಜಾರು ಬ್ರೇಕನ್ನು ತೀರ್ಮಾನಿಸುತ್ತದೆ. ಇವೆರಡೂ ನಿಂತ ಮೇಲೆ ಮೋಟರಿನ ಆಯ್ಕೆಗೆ ಹೆಚ್ಚೇನೂ ಜಾಗ ಉಳಿಯುವುದಿಲ್ಲ.

ಮೊದಲಿಗೆ, ವಾಟ್ ಎಷ್ಟಿರಬೇಕೆಂದು ಕಾನೂನೇ ಹೇಳಿಬಿಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 0.25 ಕಿಲೋವಾಟ್‌ಗಿಂತ ಕಡಿಮೆಯಿರುವ ಸಹಾಯಕ ಮೋಟರಿನ ಸೈಕಲ್ಲು, 25 ಕಿಲೋಮೀಟರ್ ವೇಗ ಮುಟ್ಟುತ್ತಲೇ ಅಥವಾ ಪೆಡಲ್ ನಿಂತ ಕೂಡಲೇ ಮೋಟರಿನ ನೆರವು ನಿಲ್ಲುವಂತಿದ್ದರೆ, ಮೋಟಾರು ವಾಹನ ಎನಿಸಿಕೊಳ್ಳುವುದಿಲ್ಲ. ನೋಂದಣಿ, ಲೈಸೆನ್ಸು ಬೇಕಿಲ್ಲ. ಬ್ಯಾಟರಿ ಬಿಟ್ಟು ವಾಹನದ ತೂಕ 60 ಕಿಲೋ ಮೀರಬಾರದು, ತಕ್ಕ ಬ್ರೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು ಎಂಬ ಷರತ್ತುಗಳೂ ಇವೆ. 500 ವಾಟ್, 1,000 ವಾಟ್ ಎಂದು ಮಾರುವ ಕಿಟ್ಟು ಹಾಕಿಸಿದ ದಿನವೇ ನಿಮ್ಮ ಸೈಕಲ್ಲು ಕಾನೂನಿನ ಕಣ್ಣಿಗೆ ನೋಂದಣಿಯಿಲ್ಲದ ದ್ವಿಚಕ್ರ ವಾಹನ. ಅಪಘಾತವಾದರೆ ವಿಮೆಯಿಲ್ಲ, ವಾದವಿಲ್ಲ.

250 ವಾಟ್‌ನಲ್ಲಿ ಏರು ಹತ್ತುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಸವಾರ, ಸೈಕಲ್ಲು, ಮೋಟರು, ಬ್ಯಾಟರಿ ಸೇರಿ 100 ಕಿಲೋ. ಜೊತೆಗೆ 40 ಕಿಲೋ ಹಾಲು. ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗಲು ಚಕ್ರಕ್ಕೆ ಬೇಕಾಗುವುದು ಸುಮಾರು 230 ವಾಟ್. ಸಾಧಾರಣ ಆರೋಗ್ಯದವರು ಸುಸ್ತಾಗದೆ ಕಾಲಿನಿಂದ 60-70 ವಾಟ್ ಕೊಡಬಲ್ಲರು. ಉಳಿದದ್ದನ್ನು 250 ವಾಟ್ ಮೋಟರು ನಿಭಾಯಿಸುತ್ತದೆ. ಪಾಲಕ್ಕೋಡಿನಿಂದಲೋ ಪೆನ್ನಾಗರಂನಿಂದಲೋ ಹಳ್ಳಿಗೆ ಹೋಗಿ ಬರುವವರಿಗೆ ಅಷ್ಟು ಸಾಕು. ಹೆಚ್ಚು ವಾಟ್ ಇದ್ದರೆ ಏರು ಬೇಗ ಮುಗಿಯುತ್ತದೆ, ಬ್ಯಾಟರಿಯೂ ಅಷ್ಟೇ ಬೇಗ ಮುಗಿಯುತ್ತದೆ.

ಏರ್ಕಾಡಿನ ಲೆಕ್ಕ ಬೇರೆ. ಬೆಟ್ಟದ ಬುಡದಿಂದ ಮೇಲಕ್ಕೆ ಸುಮಾರು 1,200 ಮೀಟರ್ ಏರು, ಇಪ್ಪತ್ತು ಹೇರ್‌ಪಿನ್ ತಿರುವು. 100 ಕಿಲೋ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 330 ವಾಟ್‌ಗಂಟೆ ಬೇಕು. ಟೈರಿನ ಘರ್ಷಣೆ ಸೇರಿಸಿದರೆ 380ರ ಹತ್ತಿರ. ಏರಿನಲ್ಲಿ ನಿಧಾನವಾಗಿ ತಿರುಗುವ ಮೋಟರು ಬ್ಯಾಟರಿಯಿಂದ ಪಡೆದುದರಲ್ಲಿ ನೂರಕ್ಕೆ 70 ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ, ಉಳಿದದ್ದು ಶಾಖ. ಅಂದರೆ ಪೆಡಲ್ ಮುಟ್ಟದೆ ಮೇಲೆ ಹೋಗಲು 540 ವಾಟ್‌ಗಂಟೆ ಬೇಕಾಗುತ್ತದೆ. ಕಿಟ್ಟಿನ ಜೊತೆ ಸಾಮಾನ್ಯವಾಗಿ ಬರುವ 36 ವೋಲ್ಟ್, 10 ಎ.ಎಚ್. (ಆಂಪಿಯರ್‌ಗಂಟೆ) ಬ್ಯಾಟರಿಯಲ್ಲಿ ಇರುವುದೇ 360 ವಾಟ್‌ಗಂಟೆ. ನೀವೂ ತುಳಿದರೆ ಅದೇ ಬ್ಯಾಟರಿ ಹೇಗೋ ಮುಟ್ಟಿಸೀತು. ಕುಳಿತೇ ಹೋಗುತ್ತೇನೆಂದರೆ ನಡುಘಾಟಿಯಲ್ಲಿ ಕೈಬಿಟ್ಟೀತು. ‘ಒಂದು ಚಾರ್ಜಿಗೆ 40 ಕಿಲೋಮೀಟರ್’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಸಮತಟ್ಟು ರಸ್ತೆಯ ಮಾತು. ಸಮತಟ್ಟಿನಲ್ಲಿ ತುಳಿಯುತ್ತ ಹೋದರೆ ಕಿಲೋಮೀಟರಿಗೆ 8ರಿಂದ 10 ವಾಟ್‌ಗಂಟೆ ಸಾಕು, ಬರೀ ಆಕ್ಸಿಲರೇಟರ್ ತಿರುಗಿಸಿ ಹೋದರೆ 15 ಎಂದಿಟ್ಟುಕೊಳ್ಳಿ. ನಿಮ್ಮ ದಾರಿಗೆ ಎಷ್ಟು ಬೇಕೋ ಅದರ ಮೇಲೆ ಕಾಲುಭಾಗ ಸೇರಿಸಿ ಬ್ಯಾಟರಿ ಕೊಳ್ಳಿ. ಪೂರ್ತಿ ಬರಿದು ಮಾಡದೆ ಬಳಸಿದ ಬ್ಯಾಟರಿ ಹೆಚ್ಚು ಕಾಲ ಬರುತ್ತದೆ.

ಬ್ಯಾಟರಿಯಲ್ಲಿ ಮೂರು ದಾರಿಗಳಿವೆ. ಅಗ್ಗದ್ದು, ಯುಪಿಎಸ್‌ನಲ್ಲಿ ಹಾಕುವ 12 ವೋಲ್ಟ್ 7 ಎ.ಎಚ್. ಸೀಸದ ಬ್ಯಾಟರಿ. ಮೂರನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್. ಯಾವ ಊರಿನಲ್ಲೂ ಸಿಗುತ್ತದೆ, ಹಳೆಯದನ್ನು ಕೊಟ್ಟರೆ ಒಂದಿಷ್ಟು ದುಡ್ಡೂ ಬರುತ್ತದೆ. ಆದರೆ ಅದರ ಮೇಲೆ ಬರೆದ 7 ಎ.ಎಚ್. ಇಪ್ಪತ್ತು ಗಂಟೆ ನಿಧಾನವಾಗಿ ಹೀರಿದಾಗಿನ ಲೆಕ್ಕ. ಮೋಟರು ಏಳೆಂಟು ಆಂಪಿಯರ್ ಎಳೆಯುವಾಗ ಅದರಿಂದ ಕೈಗೆ ಬರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಏಳು ಕಿಲೋ ತೂಕ ಹೊತ್ತು ಹದಿಮೂರು-ಹದಿನಾಲ್ಕು ಕಿಲೋಮೀಟರ್ ಹೋಗುವುದು ದುಬಾರಿ ವ್ಯವಹಾರ. ದಿನಾ ಬರಿದು ಮಾಡಿದರೆ ವರ್ಷದೊಳಗೆ ಮುಗಿಯುತ್ತದೆ.

ಎರಡನೆಯದು ಲ್ಯಾಪ್‌ಟಾಪಿನಲ್ಲಿ ಇರುವಂಥ 18650 ಲಿಥಿಯಂ ಸೆಲ್ಲುಗಳ ಪ್ಯಾಕು. ಸಾಲಿಗೆ ಹತ್ತು, ಅಂಥ ನಾಲ್ಕು ಸಾಲು, ಒಟ್ಟು ನಲವತ್ತು ಸೆಲ್. ಎಲ್ಲ ಸೇರಿ ಎರಡರಿಂದ ಎರಡೂವರೆ ಕಿಲೋ. ಹಗುರ, ಆದರೆ ಒಳಗೆ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲಿಗೆ ಹೊಸ ಬಣ್ಣದ ಹೊದಿಕೆ ಹಾಕಿ ಮಾರುವವರಿದ್ದಾರೆ. ಒಂದು ಸೆಲ್ಲಿನ ಮೇಲೆ 9,900 ಎಂ.ಎ.ಎಚ್. ಎಂದು ಅಚ್ಚಾಗಿದ್ದರೆ ಅದನ್ನು ಅಲ್ಲೇ ಇಟ್ಟು ಎದ್ದು ಬನ್ನಿ. ಆ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಹಿಡಿಯುವುದೇ ಹೆಚ್ಚೆಂದರೆ 3,500. ತಕ್ಕಡಿಯೂ ಒಂದು ಪರೀಕ್ಷೆ: ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, 30 ಗ್ರಾಂ ತೂಗಿದರೆ ಒಳಗೆ ಸರಕಿಲ್ಲ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯವರು ಎಲ್.ಎಫ್.ಪಿ. ಎನ್ನುತ್ತಾರೆ. ಸಾಲಿಗೆ ಹನ್ನೆರಡು ಸೆಲ್, 38.4 ವೋಲ್ಟ್. ಅದೇ ಶಕ್ತಿಗೆ ಒಂದೆರಡು ಕಿಲೋ ಹೆಚ್ಚು ತೂಕ, ಆಕಾರವೂ ದೊಡ್ಡದು. ಸೇಲಂನ ಬಿಸಿಲಿಗೆ ನಾನು ಇದನ್ನೇ ಒಪ್ಪುತ್ತೇನೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ಊರು. ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ ಸೈಕಲ್ಲಿನ ಬ್ಯಾಟರಿ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಶಾಖಕ್ಕೆ ಬೇಗ ಕೆರಳದೆ, ಬೆಂಕಿಯ ಭಯ ಕಡಿಮೆಯಿರುವ ರಸಾಯನ ಇದು. ಸರಿಯಾಗಿ ನೋಡಿಕೊಂಡರೆ ಎರಡು ಸಾವಿರ ಸಲ ಚಾರ್ಜು ತಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಎರಡನೆಯ ಬಗೆಯ ಪ್ಯಾಕು 42 ವೋಲ್ಟಿಗೆ ತುಂಬುತ್ತದೆ, ಮೂರನೆಯದು 43.8ಕ್ಕೆ. ಎರಡರ ಚಾರ್ಜರಿನ ಪಿನ್ನೂ ಒಂದೇ ಥರ ಇರಬಹುದು. ಎಲ್.ಎಫ್.ಪಿ. ಚಾರ್ಜರನ್ನು ಇನ್ನೊಂದಕ್ಕೆ ಚುಚ್ಚಿದರೆ ಸೆಲ್ಲುಗಳಿಗೆ ಅಳತೆ ಮೀರಿ ತುಂಬುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟು, ಅಂದರೆ ಬಿ.ಎಂ.ಎಸ್., ಒಳ್ಳೆಯದಿದ್ದರೆ ತಡೆದೀತು. ಅಗ್ಗದ್ದಾದರೆ ಮನೆಗೇ ಅಪಾಯ. ಚಾರ್ಜರಿನ ಮೇಲೂ ಬ್ಯಾಟರಿಯ ಮೇಲೂ ವೋಲ್ಟನ್ನು ಬಣ್ಣದಲ್ಲಿ ಬರೆದಿಡಿ. ಬಿಸಿಲಲ್ಲಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಿ. ಎಲ್ಲರೂ ಮಲಗಿರುವಾಗ ಚಾರ್ಜು ಬೇಡ, ಬಾಗಿಲ ಬಳಿಯೂ ಬೇಡ.

ಕರೆಂಟಿನ ಖರ್ಚು ಎಷ್ಟೆಂದು ಕೇಳುವವರಿಗೆ: ಒಂದು ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕೂಡ ಬೇಡ. ದಿನಾ ಚಾರ್ಜು ಮಾಡಿದರೂ ಎರಡು ತಿಂಗಳಿಗೆ 30 ಯೂನಿಟ್ ಒಳಗೆ. ತಮಿಳುನಾಡಿನಲ್ಲಿ 2016ರಿಂದ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಾಗಿದೆ.

ಈಗ ಮೋಟರು. ಚಕ್ರದ ನಡುವಿನ ಗುಂಬದಲ್ಲೇ ಮೋಟರು ಕೂರಿಸುವ ಉಪಾಯ ಹೊಸದೇನಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ 1895ರ ಡಿಸೆಂಬರ್ 31ರಂದೇ ಹಿಂದಿನ ಚಕ್ರದ ಹಬ್ ಮೋಟರಿಗೆ ಪೇಟೆಂಟು ಪಡೆದಿದ್ದರು. ತುಳಿದಾಗ ಮಾತ್ರ ನೆರವಾಗುವ ಸೈಕಲ್ಲನ್ನು ಯಮಾಹಾ ಕಂಪನಿ ಮಾರುಕಟ್ಟೆಗೆ ತಂದದ್ದು 1993ರಲ್ಲಿ. ಇವತ್ತಿನ ಹಬ್ ಮೋಟರುಗಳಲ್ಲಿ ಎರಡು ಜಾತಿ. ಒಳಗೆ ಗೇರಿಲ್ಲದ್ದು ಐದಾರು ಕಿಲೋ ತೂಗುತ್ತದೆ, ನಿಧಾನದ ಏರಿನಲ್ಲಿ ಕಾಯುತ್ತದೆ, ಬ್ಯಾಟರಿ ಮುಗಿದರೆ ತುಳಿಯಲು ಭಾರ. ಒಳಗೆ ಹಲ್ಲುಚಕ್ರಗಳಿರುವುದು ಮೂರು ಕಿಲೋ ಒಳಗೆ, ಏರಿಗೆ ಒಳ್ಳೆಯದು, ಮೋಟರು ನಿಂತಾಗ ಚಕ್ರ ಸಲೀಸಾಗಿ ಉರುಳುತ್ತದೆ. ನಮ್ಮ ದಾರಿಗೆ ಎರಡನೆಯದೇ ಸರಿ. ಕೊಳ್ಳುವಾಗ ವಾಟಿನ ಬದಲು ನಿಮಿಷಕ್ಕೆ ಎಷ್ಟು ಸುತ್ತು ಎಂದು ಕೇಳಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿನಷ್ಟು ಹೋಗುತ್ತದೆ. 200 ಸುತ್ತಿನ ಮೋಟರು ಹೊರೆಯಿಲ್ಲದೆ ಗಂಟೆಗೆ 25 ಕಿಲೋಮೀಟರ್, ಹೊರೆಯೊಂದಿಗೆ 20 ಕೊಡುತ್ತದೆ, ಏರಿನಲ್ಲಿ ತಿಣುಕುವುದಿಲ್ಲ. 300 ಸುತ್ತಿನದು ಊರೊಳಗೆ ಚುರುಕು, ಘಾಟಿಯಲ್ಲಿ ಸುಟ್ಟುಕೊಳ್ಳುತ್ತದೆ. ಎರಡಕ್ಕೂ ಬೆಲೆ ಒಂದೇ, ಹೊರಗಿನಿಂದ ನೋಡಲೂ ಒಂದೇ.

ಹಳೆಯ ಇಪ್ಪತ್ತೆಂಟು ಇಂಚಿನ ಸೈಕಲ್ಲಿಗೆ ಮೋಟರು ಹಾಕಲು ಹೊರಟವರು ಎಡವುವುದು ಕಡ್ಡಿಗಳ ಲೆಕ್ಕದಲ್ಲಿ. ಧರ್ಮಪುರಿಯ ಕಡೆಯ ಒಂದು ಸೈಕಲ್ ಅಂಗಡಿಯಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಇದನ್ನು ತೋರಿಸಿದರು. ನೆಲದಲ್ಲಿ ಕೂತು ಹಳೆ ರಿಮ್ಮನ್ನು ಕಾಲಬೆರಳಿನಲ್ಲಿ ಒತ್ತಿ ಹಿಡಿದು ತೂತು ಎಣಿಸಿದರು. ‘ಮುಂದೆ ಮೂವತ್ತೆರಡು, ಹಿಂದೆ ನಲವತ್ತು ಸಾರ್. ನೀವು ತಂದಿರೋ ಮೋಟರ್ಗೆ ಮೂವತ್ತಾರು. ಎಲ್ಲಿಗೆ ಕಟ್ಲಿ?’ ಎಂದು ಕೇಳಿದರು. ಹಾಗಾಗಿ ರಿಮ್ಮನ್ನೂ ಬದಲಿಸಬೇಕು. ಕಿಟ್ಟಿನಲ್ಲಿ ಕಡ್ಡಿ ಕಟ್ಟಿಯೇ ಬರುವ ಚಕ್ರ 26 ಇಂಚಿನದು. ಅದನ್ನು ಹಾಕಿದರೆ ರಾಡ್ ಬ್ರೇಕಿನ ರಬ್ಬರು ರಿಮ್ಮಿಗೆ ಮುಟ್ಟುವುದೇ ಇಲ್ಲ, ಏಕೆಂದರೆ ಆ ಬ್ರೇಕು ರಿಮ್ಮಿನ ಒಳಮೈಯನ್ನು ಕೆಳಗಿನಿಂದ ಎಳೆದು ಹಿಡಿಯುವ ಜಾತಿ. ಬ್ರೇಕಿಲ್ಲದ ಚಕ್ರದ ಮೇಲೆ ಮೋಟರು! ಹಿಂದಿನ ಚಕ್ರಕ್ಕೆ ಹಾಕುವುದಾದರೆ ಇನ್ನೊಂದು ತೊಡಕು: ಹಬ್ ಮೋಟರಿಗೆ 135 ಮಿಲಿಮೀಟರ್ ಜಾಗ ಬೇಕು, ಒಂದೇ ಗೇರಿನ ಹಳೆ ಸೈಕಲ್ಲಿನಲ್ಲಿ ಅಷ್ಟಿರುವುದಿಲ್ಲ. ಉಕ್ಕಿನ ಕೊಳವೆಯಾದ್ದರಿಂದ ಮೇಸ್ತ್ರಿಗಳು ಹಿಗ್ಗಿಸಬಲ್ಲರು. ಎರಡೂ ಕಡೆ ಸಮವಾಗಿ ಹಿಗ್ಗಿಸದಿದ್ದರೆ ಚೈನು ಓರೆಯಾಗಿ ಕಳಚುತ್ತದೆ.

ಮನೆಯಲ್ಲಿ ಎರಡು ಸೈಕಲ್ಲಿದ್ದರೆ ನನ್ನ ಆಯ್ಕೆ ಮಗನ 26 ಇಂಚಿನದು: ಅಲ್ಯೂಮಿನಿಯಂ ರಿಮ್ಮು, ತಂತಿಯಲ್ಲಿ ಎಳೆಯುವ ವಿ ಬ್ರೇಕು ಇರುವುದು. ಅಪ್ಪನ ಸೈಕಲ್ಲು ಗಟ್ಟಿ ಎಂಬ ನಂಬಿಕೆ ಸುಳ್ಳಲ್ಲ, ಆದರೆ ಅದರ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದು ತೀರಾ ಕಡಿಮೆ. ತಮಿಳಿನ ಐಪ್ಪಸಿ-ಕಾರ್ತಿಗೆ ತಿಂಗಳುಗಳ ಮಳೆಯಲ್ಲಿ ತೊಪ್ಪೂರಿನಂಥ ಇಳಿಜಾರು ಇಳಿಯುವವರು ಇದನ್ನು ಯೋಚಿಸಲೇಬೇಕು. ಹಳೆಯದೇ ಬೇಕೆಂದರೆ ಹಿಂದೆ ಬ್ಯಾಂಡ್ ಬ್ರೇಕು ಅಥವಾ ಡ್ರಮ್ ಬ್ರೇಕು ಕೂರಿಸಿ ಮುಂದಿನ ಮಾತು.

ಮುಂದಿನ ಚಕ್ರಕ್ಕೆ ಹಾಕುವುದು ಸುಲಭ ಎಂದು ಹಲವರು ಹೇಳುತ್ತಾರೆ. ನಿಜ, ಚೈನಿನ ಗೊಡವೆಯಿಲ್ಲ. ಏರಿನಲ್ಲಿ ಮಾತ್ರ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ, ಜಲ್ಲಿ ರಸ್ತೆಯಲ್ಲಿ ಮುಂದಿನ ಚಕ್ರ ಜಾಗದಲ್ಲೇ ತಿರುಗುತ್ತದೆ. ಸ್ಪ್ರಿಂಗಿನ ಫೋರ್ಕಿಗಂತೂ ಹಬ್ ಮೋಟರು ಹಾಕಲೇಬಾರದು. ಮೋಟರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಅಚ್ಚಿನ ಚಪ್ಪಟೆ ಮೈಯನ್ನು ಹಿಡಿದಿರುವ ಫೋರ್ಕಿನ ತುದಿ ಬಾಯಿ ಬಿಟ್ಟರೆ ಚಕ್ರ ಕಳಚಿ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಇದನ್ನು ತಡೆಯಲು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಸಿಗುತ್ತದೆ. ಒಂದು ತುದಿ ಅಚ್ಚಿಗೆ, ಇನ್ನೊಂದು ಫ್ರೇಮಿಗೆ. ಕಿಟ್ಟಿನಲ್ಲಿ ಅದು ಇಲ್ಲದಿದ್ದರೆ ಊರಿನ ಲೇತ್ ಅಂಗಡಿಯಲ್ಲಿ ಆರು ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಮಾಡಿಸಿಕೊಳ್ಳಿ. ಮೋಟರಿನ ತಂತಿ ಅಚ್ಚಿನಿಂದ ಹೊರಬರುವಲ್ಲಿ ಮೊದಲು ಕೆಳಕ್ಕೆ ಜೋತು ಆಮೇಲೆ ಮೇಲಕ್ಕೆ ಹೋಗಲಿ. ನೇರ ಮೇಲಕ್ಕೆ ಕಟ್ಟಿದರೆ ಮಳೆನೀರು ತಂತಿ ಹಿಡಿದೇ ಮೋಟರೊಳಗೆ ಇಳಿಯುತ್ತದೆ.

ಹಬ್ ಮೋಟರಿನ ಗೋಜೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಗೇರು ಪೆಟ್ಟಿಗೆಯಿರುವ 24 ವೋಲ್ಟಿನ ಕಾರ್ಬನ್ ಬ್ರಶ್ ಮೋಟರನ್ನು ಫ್ರೇಮಿಗೆ ಬಿಗಿದು ಎಡಗಡೆಯಿಂದ ಪ್ರತ್ಯೇಕ ಚೈನು ಎಳೆಯುವುದು. ಸದ್ದು ಹೆಚ್ಚು, ಚೈನಿಗೆ ಎಣ್ಣೆ ಬಿಡುತ್ತಿರಬೇಕು. ಆದರೆ ಮೋಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರು ಅಗ್ಗ, ಬ್ರಶ್ ಸವೆದರೆ ಮಿಕ್ಸಿ ರಿಪೇರಿ ಮಾಡುವವರೂ ಬದಲಿಸಿಕೊಡಬಲ್ಲರು. ಹಬ್ ಮೋಟರಿನೊಳಗೆ ತಿರುಗುವಿಕೆಯನ್ನು ಗುರುತಿಸುವ ಹಾಲ್ ಸೆನ್ಸರು ಕೆಟ್ಟರೆ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೋ ಚೆನ್ನೈನ ರಿಚಿ ಸ್ಟ್ರೀಟಿಗೋ ಬಸ್ಸು ಹತ್ತಬೇಕಾದೀತು. ದೂರದ ಹಳ್ಳಿಯವರು ಈ ದಾರಿಯನ್ನು ಕೀಳೆಂದು ತಳ್ಳಿಹಾಕಬಾರದು.

ಉಳಿದ ಭಾಗಗಳು ಬೇಗ ಮುಗಿಯುತ್ತವೆ. ಕಂಟ್ರೋಲರು ಮೋಟರಿನ ವೋಲ್ಟಿಗೆ ತಕ್ಕದ್ದು, 15 ಆಂಪಿಯರಿನದು ಸಾಕು, ಬ್ಯಾಟರಿಯ ಬಿ.ಎಂ.ಎಸ್. ಅದಕ್ಕಿಂತ ಹೆಚ್ಚು ತಡೆಯುವಂತಿರಲಿ. ನಡುವೆ 20 ಆಂಪಿಯರಿನ ಫ್ಯೂಸು ತಪ್ಪದೆ ಹಾಕಿ. ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದು, ಎಳೆಯೆಳೆಯಾದದ್ದು. ಬ್ಯಾಟರಿಯ ಜಾಗ ಫ್ರೇಮಿನ ತ್ರಿಕೋನದೊಳಗೆ. ಕ್ಯಾರಿಯರಿನ ಮೇಲೆ ಬ್ಯಾಟರಿ, ಅದರ ಪಕ್ಕ ಹಾಲಿನ ಕ್ಯಾನು, ಕೆಳಗೆ ಮೋಟರು ಎಂದಾದರೆ ಏರಿನಲ್ಲಿ ಹ್ಯಾಂಡಲ್ಲು ಕೈಗೆ ಸಿಗುವುದಿಲ್ಲ. ಪೆಡಲ್ ತುಳಿದದ್ದನ್ನು ಗುರುತಿಸುವ ಸೆನ್ಸರಿನ ಬಿಲ್ಲೆಯನ್ನು ಪೆಡಲ್ ಕಡ್ಡಿಯ ಬುಡದಲ್ಲಿ ಕೂರಿಸಬೇಕು. ಹಳೆ ಸೈಕಲ್ಲಿನಲ್ಲಿ ಅದಕ್ಕೆ ಕಾಟರ್ ಪಿನ್ ಹೊಡೆದು ತೆಗೆಯಬೇಕಾಗುತ್ತದೆ. ತುಕ್ಕು ಹಿಡಿದ ಪಿನ್ನಿನ ಮೇಲೆ ಸುತ್ತಿಗೆ ಬಿದ್ದರೆ ಬೇರಿಂಗಿಗೂ ಪೆಟ್ಟು. ಎರಡು ಹೋಳಾಗಿ ಬಿಚ್ಚಿ ಜೋಡಿಸುವ ಬಿಲ್ಲೆಯೂ ಸಿಗುತ್ತದೆ, ಅದನ್ನೇ ಕೇಳಿ. ಬ್ರೇಕು ಹಿಡಿದ ಕೂಡಲೇ ಮೋಟರಿನ ಕರೆಂಟು ಕಡಿಯುವ ಸ್ವಿಚ್ಚಿರುವ ಲಿವರು ಕಿಟ್ಟಿನ ಜೊತೆ ಬರುತ್ತದೆ. ಮೂಲೆಗೆ ಎಸೆಯದೆ ಎರಡೂ ಕಡೆ ಹಾಕಿಸಿ.

ಧರ್ಮಪುರಿ, ಸೇಲಂ ದಾರಿಗಳಲ್ಲಿ ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಓಡಾಡುವವರಿಗೆ ನಾನು ಹೇಳುವ ಜೋಡಣೆ ಇಷ್ಟು: ವಿ ಬ್ರೇಕಿರುವ 26 ಇಂಚಿನ, ಉಕ್ಕಿನ ಫ್ರೇಮಿನ ಸೈಕಲ್ಲು, ಹಿಂದಿನ ಚಕ್ರಕ್ಕೆ 200 ಸುತ್ತಿನ, ಗೇರಿರುವ 250 ವಾಟ್ ಹಬ್ ಮೋಟರು, 10ರಿಂದ 12 ಎ.ಎಚ್. ಎಲ್.ಎಫ್.ಪಿ. ಬ್ಯಾಟರಿ, ಟಾರ್ಕ್ ಆರ್ಮ್, ಹೊಸ ಬ್ರೇಕ್ ರಬ್ಬರು. ದುಡ್ಡಿನ ಅರ್ಧಕ್ಕೂ ಹೆಚ್ಚು ಪಾಲು ಬ್ಯಾಟರಿಗೇ ಹೋಗುತ್ತದೆ, ಹೋಗಲಿ. ಕೈಯಲ್ಲಿರುವುದು ಸಾಲದಿದ್ದರೆ ಮೀಟರು, ಡಿಸ್ಪ್ಲೇ, ಹಾರ್ನು ಬಿಡಿ. ಮೋಟರು ಕೊಳ್ಳುವುದನ್ನೇ ಎರಡು ತಿಂಗಳು ಮುಂದಕ್ಕೆ ಹಾಕಿ. ಬ್ರೇಕನ್ನು ಮಾತ್ರ ಈ ವಾರವೇ ಸರಿಮಾಡಿಸಿ.